ಗಟ್ಟಿಮೇಳದ ಚರಿತ್ರೆ

ನಾವು ಚಿಕ್ಕವರಿದ್ದಾಗ ಜಾಮ್ ಎಂದರೆ ಬ್ರೆಡ್ಡಿಗೆ ಸವರಿಕೊಳ್ಳುವ ಕೆಂಪು ಸಿಹಿ. ನಮ್ಮ ಮನೆಗೆ ಬ್ರೆಡ್ಡು ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಆದ್ದರಿಂದ ಜಾಮಿನ ರುಚಿಗೂ ಜ್ವರದ ಬಾಯಿಗೂ ಏನೋ ಒಂದು ನಂಟು. ಆಮೇಲೆ ಬೆಂಗಳೂರಿಗೆ ಹೋಗಿ ಬಂದವರ ಬಾಯಲ್ಲಿ ಟ್ರಾಫಿಕ್ ಜಾಮ್ ಎಂಬ ಮಾತು ಬಂತು. ಈಗ ಜಾಮರ್ ಬಂದಿದೆ. ಮೊಬೈಲ್ ಫೋನನ್ನು ಮೂಕಾಗಿಸುವ ಯಂತ್ರ ಇದು. ಜೈಲಿನಲ್ಲಿ ಇಡುತ್ತಾರೆ, ದೊಡ್ಡವರ ಕಾರಿನ ಹಿಂದೆ ಮುಂದೆ ಓಡಿಸುತ್ತಾರೆ, ಸರ್ಕಾರಿ ನೌಕರಿಯ ಪರೀಕ್ಷೆ ನಡೆಯುವಾಗ ನಮ್ಮಂಥ ಶಾಲೆಗಳಿಗೂ ತಂದಿಡುತ್ತಾರೆ. ಇದನ್ನು ಕಂಡಾಗಲೆಲ್ಲ ಹೆಂಗಸರು ಕೇಳುವ ಪ್ರಶ್ನೆ ಒಂದೇ: 'ಇದು ಫೋನಿನ ಸಿಗ್ನಲನ್ನು ಹೀರಿಕೊಂಡುಬಿಡುತ್ತದಾ?'

ಇಲ್ಲ, ಹೀರಿಕೊಳ್ಳುವುದಿಲ್ಲ. ಕತ್ತರಿಸುವುದೂ ಇಲ್ಲ. ಇದು ಮಾಡುವ ಕೆಲಸ ನಮಗೆಲ್ಲ ಗೊತ್ತಿರುವುದೇ. ಮದುವೆ ಮನೆಯಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಪುರೋಹಿತರು ಕೈ ಮೇಲೆತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗುತ್ತಾರಲ್ಲ, ಆಗ ಏನಾಗುತ್ತದೆ? ಅದುವರೆಗೆ ನಯವಾಗಿ ನುಡಿಯುತ್ತಿದ್ದ ನಾಗಸ್ವರದವರು ಉಸಿರು ಬಿಗಿಹಿಡಿದು ಊದುತ್ತಾರೆ, ಡೋಲಿನವರು ಕೈಲಾದಷ್ಟು ಜೋರಾಗಿ ಬಾರಿಸುತ್ತಾರೆ. ಯಾಕೆಂದರೆ ಆ ಗಳಿಗೆಯಲ್ಲಿ ಯಾರೋ ಸೀನಿದ್ದು, ಯಾರೋ ಆಡಿದ ಅಪಶಕುನದ ಮಾತು ವಧೂವರರ ಕಿವಿಗೆ ಬೀಳಬಾರದು. ಸೀನನ್ನು ಯಾರೂ ತಡೆಯಲಿಲ್ಲ. ಸೀನಿದವರು ಸೀನಿಯೇ ಇರುತ್ತಾರೆ. ಕೇಳಿಸಲಿಲ್ಲ, ಅಷ್ಟೆ. ಜಾಮರ್ ಎಂದರೆ ಮೊಬೈಲಿನ ಗಟ್ಟಿಮೇಳ.

ಮೊಬೈಲ್ ಫೋನು ಎಂಬುದು ಒಂದು ಪುಟ್ಟ ರೇಡಿಯೋ. ಅದಕ್ಕೆ ಒಂದು ಬಾಯಿ, ಒಂದು ಕಿವಿ. ಊರ ಹೊರಗಿನ ಟವರು ನಿಗದಿಯಾದ ತರಂಗಗಳಲ್ಲಿ ಸದಾ ಮಾತನಾಡುತ್ತಿರುತ್ತದೆ. ನಮ್ಮ ದೇಶದಲ್ಲಿ 900 ಮೆಗಾಹರ್ಟ್ಸ್, 1800 ಮೆಗಾಹರ್ಟ್ಸ್, 2300 ಮೆಗಾಹರ್ಟ್ಸ್ ಹೀಗೆ ಕೆಲವು ಪಟ್ಟಿಗಳನ್ನು ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗಿದರೂ, ದೂರ ಹೆಚ್ಚಿದಂತೆ ಆ ಕೂಗು ಕ್ಷೀಣಿಸುತ್ತದೆ. ದೂರ ಎರಡರಷ್ಟಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮಧ್ಯೆ ಗೋಡೆ, ಮರ, ಕಟ್ಟಡ ಬೇರೆ. ನಮ್ಮ ಸೆರಗಿನ ತುದಿಯಲ್ಲೋ ಕೈಚೀಲದಲ್ಲೋ ಇರುವ ಫೋನಿಗೆ ತಲುಪುವಾಗ ಅದು ಸಾಮಾನ್ಯವಾಗಿ ಒಂದು ವ್ಯಾಟಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣ ಪಿಸುಮಾತನ್ನು ಫೋನು ಕಿವಿಗೊಟ್ಟು ಕೇಳಿ ಅರ್ಥ ಮಾಡಿಕೊಳ್ಳುತ್ತದೆ. ಇದೇ ಒಂದು ಅದ್ಭುತ.

ಈಗ ಪಕ್ಕದಲ್ಲೇ ಒಂದು ಪೆಟ್ಟಿಗೆ ಅದೇ ತರಂಗದಲ್ಲಿ ಅರ್ಥವಿಲ್ಲದೆ 'ಭರ್ರ್' ಎನ್ನತೊಡಗಿತು ಎಂದುಕೊಳ್ಳಿ. ಪೆಟ್ಟಿಗೆಯ ಶಕ್ತಿ ಒಂದೆರಡು ವ್ಯಾಟ್ ಇದ್ದರೂ ಸಾಕು, ಅದು ಹತ್ತಿರದಲ್ಲಿದೆ. ಟವರಿನ ಪಿಸುಮಾತು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹೆಚ್ಚಿನ ಜಾಮರುಗಳು ದೂರದ ಟವರಿಗೆ ತೊಂದರೆ ಕೊಡಲು ಹೋಗುವುದಿಲ್ಲ. ಹತ್ತಿರದ ಫೋನಿನ ಕಿವಿಯನ್ನು ಕಿವುಡಾಗಿಸುತ್ತವೆ. ಕಿವಿ ಕೇಳದ ಫೋನು ಬಾಯಿ ತೆರೆಯುವಂತಿಲ್ಲ, ಯಾಕೆಂದರೆ ಯಾವಾಗ, ಯಾವ ತರಂಗದಲ್ಲಿ ಮಾತನಾಡಬೇಕೆಂದು ಟವರೇ ಅದಕ್ಕೆ ಹೇಳಬೇಕು. ಹಾಗಾಗಿ ಗೆರೆಗಳೆಲ್ಲ ಮಾಯವಾಗಿ 'ನೋ ಸರ್ವೀಸ್' ಎಂದು ಬರುತ್ತದೆ. ಪಾಪ, ಫೋನು ಸುಮ್ಮನೆ ಕೂರುವುದಿಲ್ಲ. ಜಾತ್ರೆಯಲ್ಲಿ ತಾಯಿಯನ್ನು ಕಳೆದುಕೊಂಡ ಮಗುವಿನಂತೆ ಟವರನ್ನು ಹುಡುಕುತ್ತಲೇ ಇರುತ್ತದೆ. ಬ್ಯಾಟರಿ ಬೇಗ ಖಾಲಿಯಾಗುವುದು ಅದಕ್ಕೇ.

ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಯಾವುದೇ ವಸ್ತು ಕಣ್ಣಿಗೆ ಬಿದ್ದರೂ ಇದರ ಅಜ್ಜಿ ಯಾರು, ಮುತ್ತಜ್ಜಿ ಯಾರು ಎಂದು ಕೆದಕುವ ಅಭ್ಯಾಸ. ಹಾಗೆ ಹುಡುಕುತ್ತ ಹೋದರೆ, ಗದ್ದಲದಿಂದ ಮಾತನ್ನು ಮುಚ್ಚುವ ಈ ವಿದ್ಯೆಗೆ ಮೊಬೈಲಿಗಿಂತ ಬಹಳ ಹೆಚ್ಚು ವಯಸ್ಸಾಗಿದೆ ಎಂದು ತಿಳಿಯಿತು. ರೇಡಿಯೋ ಹುಟ್ಟಿದ ಬೆನ್ನಿಗೇ ಅದೂ ಹುಟ್ಟಿದೆ, ಅವಳಿ ಮಕ್ಕಳ ಹಾಗೆ.

1901ರಲ್ಲಿ ನ್ಯೂಯಾರ್ಕಿನ ಹತ್ತಿರ ಸಮುದ್ರದಲ್ಲಿ ಹೆಸರಾಂತ ಹಾಯಿದೋಣಿಗಳ ಪಂದ್ಯ ನಡೆಯಿತು. ಯಾವ ದೋಣಿ ಮುಂದಿದೆ ಎಂಬ ಸುದ್ದಿಯನ್ನು ತಂತಿಯಿಲ್ಲದೆ ದಡಕ್ಕೆ ಕಳಿಸುವುದಾಗಿ ಮಾರ್ಕೋನಿಯ ಕಂಪನಿ ಒಪ್ಪಿಕೊಂಡಿತ್ತು. ಅದರ ಎದುರಾಳಿ ಲೀ ಡಿ ಫಾರೆಸ್ಟ್ ಎಂಬಾತನೂ ಯಂತ್ರ ಹೊತ್ತು ಬಂದಿದ್ದ. ಯಾವ ಪತ್ರಿಕೆಯ ಗುತ್ತಿಗೆಯೂ ಸಿಗದ ಮೂರನೆಯ ಕಂಪನಿಯೊಂದೂ ಅಲ್ಲಿತ್ತು. ಅದರ ಯಂತ್ರ ಎಡೆಬಿಡದೆ ಸದ್ದು ಹೊರಡಿಸಿ ಉಳಿದಿಬ್ಬರ ಸುದ್ದಿಯನ್ನೂ ಕೆಡಿಸಿತು. 'ನನಗಿಲ್ಲದ್ದು ನಿನಗೂ ಬೇಡ' ಎಂಬ ನಮ್ಮ ಓರಗಿತ್ತಿಯರ ಜಗಳಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ.

ಇನ್ನೊಂದು ಪ್ರಸಂಗ ಲಂಡನ್ನಿನದು. 1903ರ ಜೂನ್ 4ರಂದು ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರೊಫೆಸರ್ ಫ್ಲೆಮಿಂಗ್ ಅವರ ಉಪನ್ಯಾಸ. ದೂರದ ಕಾರ್ನ್‌ವಾಲ್‌ನಿಂದ ಮಾರ್ಕೋನಿ ಕಳಿಸುವ ಸಂದೇಶವನ್ನು ಸಭೆಯ ಮುಂದೆ ಬರಮಾಡಿಕೊಂಡು ತೋರಿಸುವುದೆಂದು ಏರ್ಪಾಡಾಗಿತ್ತು. ತಮ್ಮ ಯಂತ್ರಕ್ಕೆ ಬೇರೆ ಯಾರೂ ಅಡ್ಡ ಬರಲಾಗದು ಎಂದು ಮಾರ್ಕೋನಿ ಹೇಳಿಕೊಂಡಿದ್ದರು. ಆದರೆ ಸಂದೇಶ ಬರುವ ಮುನ್ನವೇ ಯಂತ್ರ ಟಕಟಕ ಎನ್ನತೊಡಗಿ 'ಇಲಿಗಳು, ಇಲಿಗಳು' ಎಂಬ ಪದವನ್ನು ಮತ್ತೆ ಮತ್ತೆ ಬರೆಯಿತು. ಆಮೇಲೆ ಮಾರ್ಕೋನಿಯನ್ನು ಗೇಲಿ ಮಾಡುವ ಪದ್ಯವೂ ಬಂತು. ಇದನ್ನು ಮಾಡಿದವನು ನೆವಿಲ್ ಮ್ಯಾಸ್ಕಲಿನ್ ಎಂಬ ಇಂದ್ರಜಾಲದವ. ಫ್ಲೆಮಿಂಗ್ ಕೋಪಗೊಂಡು ಪತ್ರಿಕೆಗೆ ಬರೆದರು. ಮ್ಯಾಸ್ಕಲಿನ್ ಕದ್ದು ಕೂರಲಿಲ್ಲ. ಹೌದು, ನಾನೇ ಮಾಡಿದ್ದು, ನಿಮ್ಮ ಗುಟ್ಟು ಗುಟ್ಟಲ್ಲ ಎಂದು ಜನರಿಗೆ ತೋರಿಸಲು ಮಾಡಿದೆ ಎಂದು ಉತ್ತರ ಕೊಟ್ಟ.

ಈ ಎರಡೂ ನಗುವಂಥ ಪ್ರಸಂಗಗಳು. ಯುದ್ಧ ಬಂದಾಗ ನಗು ಅಡಗಿತು.

1940ರ ಸೆಪ್ಟೆಂಬರ್ 17ರ ರಾತ್ರಿ 'ಸಿಟಿ ಆಫ್ ಬನಾರಸ್' ಎಂಬ ಹಡಗನ್ನು ಜರ್ಮನಿಯ ಜಲಾಂತರ್ಗಾಮಿಯೊಂದು ಅಟ್ಲಾಂಟಿಕ್ ಸಾಗರದಲ್ಲಿ ಟಾರ್ಪೆಡೋ ಹೊಡೆದು ಮುಳುಗಿಸಿತು. ಹೆಸರಿನಲ್ಲಿ ಕಾಶಿ ಇರುವ ಆ ಹಡಗಿನಲ್ಲಿ ನಮ್ಮ ದೇಶದ ನಾವಿಕರು ಬಹಳ ಮಂದಿ ಇದ್ದರು. ಬಾಂಬಿನಿಂದ ಪಾರಾಗಲೆಂದು ಇಂಗ್ಲೆಂಡಿನ ತಂದೆತಾಯಿಗಳು ಕೆನಡಾಕ್ಕೆ ಕಳಿಸಿದ್ದ 90 ಮಕ್ಕಳೂ ಇದ್ದರು. ಅವರಲ್ಲಿ 77 ಮಕ್ಕಳು ಸತ್ತರು.

ಅದೇ ವರ್ಷ ಅಮೆರಿಕದ ಹಾಲಿವುಡ್ಡಿನಲ್ಲಿ ಒಬ್ಬ ಸಿನಿಮಾ ನಟಿ ಟಾರ್ಪೆಡೋಗಳ ಬಗ್ಗೆ ಯೋಚಿಸುತ್ತಿದ್ದಳು. ಹೆಡಿ ಲಮಾರ್ ಎಂದು ಅವಳ ಹೆಸರು. 1914ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವಳು. ಮೊದಲ ಗಂಡ ಮದ್ದುಗುಂಡುಗಳ ದೊಡ್ಡ ವ್ಯಾಪಾರಿ. ಮನೆಗೆ ಬರುವವರೆಲ್ಲ ಆಯುಧಗಳ ಮಾತೇ ಆಡುವವರು. ಅಲಂಕಾರ ಮಾಡಿಕೊಂಡು ಊಟದ ಮೇಜಿನ ತುದಿಯಲ್ಲಿ ಕುಳಿತ ಚೆಲುವೆಗೆ ಇದೆಲ್ಲ ಏನು ತಿಳಿದೀತು ಎಂದು ಗಂಡಸರು ತಿಳಿದಿರಬೇಕು. 1937ರಲ್ಲಿ ಆಕೆ ಆ ಮನೆ ಬಿಟ್ಟು ಹೊರಟುಹೋದಳು. ಕೇಳಿಸಿಕೊಂಡ ಮಾತುಗಳು ಮಾತ್ರ ತಲೆಯಲ್ಲೇ ಉಳಿದವು.

ನೀರಿಗೆ ಬಿಟ್ಟ ಟಾರ್ಪೆಡೋವನ್ನು ರೇಡಿಯೋ ತರಂಗದಿಂದ ನಡೆಸಿದರೆ ಗುರಿ ತಪ್ಪದು. ಆದರೆ ಶತ್ರು ಆ ತರಂಗವನ್ನು ಪತ್ತೆಹಚ್ಚಿ ಅದರ ಮೇಲೆ ಗದ್ದಲ ಎಬ್ಬಿಸಿದರೆ? ಟಾರ್ಪೆಡೋ ದಾರಿ ತಪ್ಪುತ್ತದೆ. ಹೆಚ್ಚು ಜೋರಾಗಿ ಕೂಗುವುದು ಒಂದು ಉಪಾಯ. ಆದರೆ ಶತ್ರು ಅದಕ್ಕಿಂತ ಜೋರಾಗಿ ಕೂಗಬಲ್ಲ. ಹೆಡಿ ಯೋಚಿಸಿದ ದಾರಿ ಬೇರೆ. ಒಂದೇ ತರಂಗದಲ್ಲಿ ನಿಲ್ಲಲೇಬಾರದು. ಕಳಿಸುವ ಯಂತ್ರ, ಕೇಳುವ ಯಂತ್ರ ಎರಡೂ ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಒಂದು ತರಂಗದಿಂದ ಇನ್ನೊಂದಕ್ಕೆ ನೆಗೆಯುತ್ತಿರಬೇಕು. ಶತ್ರು ಒಂದು ಕಡೆ ಗದ್ದಲ ಎಬ್ಬಿಸುವಷ್ಟರಲ್ಲಿ ಮಾತು ಇನ್ನೊಂದು ಕಡೆ ಸಾಗಿರಬೇಕು. ನಾವು ಆಡುತ್ತಿದ್ದ ಕುಂಟೆಬಿಲ್ಲೆಯಲ್ಲಿ ಯಾವ ಮನೆಯಾದ ಮೇಲೆ ಯಾವ ಮನೆಗೆ ನೆಗೆಯುವುದೆಂದು ಆಡುವವಳಿಗೆ ಗೊತ್ತು, ಬೇಲಿಯಾಚೆ ನಿಂತು ನೋಡುವವನಿಗೆ ಗೊತ್ತಿಲ್ಲ. ಹಾಗೆ.

ಇದನ್ನು ಯಂತ್ರಕ್ಕೆ ಅಳವಡಿಸಲು ನೆರವಾದವನು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ. ತಾವಾಗಿಯೇ ನುಡಿಯುವ ಪಿಯಾನೋಗಳಿಗೆ ಸಂಗೀತ ಬರೆದವನು. ಆ ಪಿಯಾನೋದಲ್ಲಿ ತೂತು ಕೊರೆದ ಕಾಗದದ ಸುರುಳಿ ತಿರುಗುತ್ತ ಯಾವ ಮನೆ ಒತ್ತಬೇಕೆಂದು ಹೇಳುತ್ತದೆ. ಅಂಥದೇ ಸುರುಳಿಯನ್ನು ಎರಡೂ ಕಡೆ ಇಟ್ಟು ತರಂಗ ಬದಲಿಸುವುದೆಂದು ಇಬ್ಬರೂ ಯೋಜನೆ ಮಾಡಿದರು. ಪಿಯಾನೋಗೆ 88 ಮನೆಗಳು, ಇವರ ಯೋಜನೆಯಲ್ಲೂ 88 ತರಂಗಗಳು. 1942ರ ಆಗಸ್ಟ್ 11ರಂದು ಅಮೆರಿಕ ಸರ್ಕಾರ ಇವರಿಗೆ ಪೇಟೆಂಟ್ ಕೊಟ್ಟಿತು. ತರಂಗ ಬದಲಿಸುವ ಯೋಚನೆ ಇವರಿಗಿಂತ ಮೊದಲು ಇನ್ನೂ ಕೆಲವರಿಗೆ ಬಂದಿತ್ತು ಎನ್ನುವುದು ನಿಜ. ಆದರೂ ಇದು ಇವರು ತಮ್ಮ ತಲೆಯಿಂದಲೇ ಕಂಡುಕೊಂಡ ದಾರಿ. ನೌಕಾಪಡೆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ಹೆಡಿ ಯುದ್ಧದ ಸಾಲಪತ್ರಗಳನ್ನು ಮಾರಲು ಊರೂರು ತಿರುಗಿದಳು. ಆಕೆಯ ಮುಖಕ್ಕೆ ಸಿಕ್ಕ ಬೆಲೆ ಆಕೆಯ ತಲೆಗೆ ಸಿಗಲು 1997ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಒಂದು ಸಂಸ್ಥೆ ಇಬ್ಬರನ್ನೂ ಗೌರವಿಸಿತು. ಆಂಥೈಲ್ ಅಷ್ಟರಲ್ಲಿ ತೀರಿಕೊಂಡಿದ್ದ, ಹೆಡಿಗೆ 82 ವರ್ಷವಾಗಿತ್ತು.

ಇತಿಹಾಸದಲ್ಲಿ ಕೆಲವು ತಾರೀಖುಗಳು ಹೇಗೆ ಕೂಡಿಬರುತ್ತವೆ ನೋಡಿ. ಹೆಡಿಗೆ ಪೇಟೆಂಟ್ ಸಿಕ್ಕ ಅದೇ 1942ರ ಆಗಸ್ಟಿನಲ್ಲಿ ನಮ್ಮ ದೇಶದಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ. ನಾಯಕರೆಲ್ಲ ಜೈಲಿನಲ್ಲಿ, ಪತ್ರಿಕೆಗಳ ಬಾಯಿಗೆ ಬೀಗ. ಆಗ ಬೊಂಬಾಯಿಯಲ್ಲಿ 22 ವರ್ಷದ ವಿದ್ಯಾರ್ಥಿನಿ ಉಷಾ ಮೆಹ್ತಾ ಮತ್ತು ಅವರ ಗೆಳೆಯರು ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ಶುರುಮಾಡಿದರು. 42.34 ಮೀಟರಿನಲ್ಲಿ ಅವರ ದನಿ ಕೇಳುತ್ತಿತ್ತು. ಪೊಲೀಸರು ಆ ದನಿ ಹೊರಡುವ ಜಾಗ ಹುಡುಕುತ್ತಿದ್ದರು. ಇವರು ಒಂದು ಮನೆಯಿಂದ ಇನ್ನೊಂದು ಮನೆಗೆ ಯಂತ್ರ ಹೊತ್ತು ಸಾಗುತ್ತಿದ್ದರು. ಅಲ್ಲಿ ಹೆಡಿ ತರಂಗದಿಂದ ತರಂಗಕ್ಕೆ ನೆಗೆಯುವ ಉಪಾಯ ಹೂಡಿದರೆ, ಇಲ್ಲಿ ಉಷಾ ಮನೆಯಿಂದ ಮನೆಗೆ ನೆಗೆದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ನಾಲ್ಕು ವರ್ಷದ ಶಿಕ್ಷೆ, ಯೆರವಡಾ ಜೈಲು. ಜಗತ್ತಿನ ಎರಡು ಮೂಲೆಗಳಲ್ಲಿ ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರು ಹೆಂಗಸರೂ ತೀರಿಕೊಂಡದ್ದು 2000ನೇ ಇಸವಿಯಲ್ಲಿ. ಉಷಾ ಅವರು ಹೋದದ್ದು ಆಗಸ್ಟ್ 11ರಂದು.

ಯುದ್ಧ ಮುಗಿದ ಮೇಲೆ ಗಟ್ಟಿಮೇಳ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸೋವಿಯತ್ ಒಕ್ಕೂಟ 1948ರಿಂದ ವಾಯ್ಸ್ ಆಫ್ ಅಮೆರಿಕದ ರಷ್ಯನ್ ಪ್ರಸಾರದ ಮೇಲೆ ಗದ್ದಲ ಹರಿಯಬಿಡತೊಡಗಿತು, ಮರುವರ್ಷ ಬಿಬಿಸಿಯ ಮೇಲೂ. ಹೊರದೇಶದ ಸುದ್ದಿ ತನ್ನ ಜನರ ಕಿವಿಗೆ ಬೀಳಬಾರದೆಂದು ನಗರ ನಗರಗಳಲ್ಲಿ ಇದಕ್ಕೆಂದೇ ಯಂತ್ರಗಳನ್ನು ನಿಲ್ಲಿಸಿತು. ನಡುವೆ ಕೆಲವು ವರ್ಷ ಸಡಿಲಿಸಿದ್ದುಂಟು, ಮತ್ತೆ ಬಿಗಿಮಾಡಿದ್ದುಂಟು. ನಮ್ಮ ಮನೆಯಲ್ಲಿ ಅಪ್ಪ ರಾತ್ರಿ ಶಾರ್ಟ್‌ವೇವ್ ರೇಡಿಯೋದ ಮುಳ್ಳು ತಿರುಗಿಸುವಾಗ ಸಿಲೋನಿನ ಹಾಡಿಗೂ ಬಿಬಿಸಿಯ ವಾರ್ತೆಗೂ ನಡುವೆ ಗರಗಸದಂಥ ಸದ್ದುಗಳು ಬರುತ್ತಿದ್ದವು. ಹವೆ ಸರಿಯಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅವುಗಳಲ್ಲಿ ಕೆಲವಾದರೂ ಮನುಷ್ಯರು ಬೇಕೆಂದೇ ಮಾಡಿದ ಸದ್ದಾಗಿದ್ದಿರಬಹುದು ಎಂದು ಈಗ ಅನಿಸುತ್ತದೆ.

ಇಷ್ಟು ಖರ್ಚು ಮಾಡಿಯೂ ಸೋವಿಯತ್ ಸರ್ಕಾರ ಗೆಲ್ಲಲಿಲ್ಲ. ನಗರದಲ್ಲಿ ಗದ್ದಲ ಹೆಚ್ಚು, ಹಳ್ಳಿಗಾಡಿನಲ್ಲಿ ಕಡಿಮೆ. ಜನ ವಾರದ ಕೊನೆಗೆ ಊರ ಹೊರಗಿನ ತೋಟದ ಮನೆಗಳಿಗೆ ಹೋಗಿ ರೇಡಿಯೋಗೆ ಕಿವಿ ಅಂಟಿಸಿ ಕೂರುತ್ತಿದ್ದರು. ಮುಚ್ಚಿದ ಪಾತ್ರೆಯಲ್ಲಿ ಏನಿದೆಯೋ ಎಂಬ ಕುತೂಹಲ ಎಲ್ಲ ಮನೆಗಳಲ್ಲೂ ಒಂದೇ.

ಆದರೆ ಬೆಲೆ ತೆತ್ತವರು ಯಾರು? 1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್ಲಿನ ಅಣು ಸ್ಥಾವರ ಸ್ಫೋಟಿಸಿತು. ಸರ್ಕಾರ ಬಾಯಿಬಿಟ್ಟದ್ದು 28ರ ಸಂಜೆ, ಅದೂ ಕೆಲವೇ ವಾಕ್ಯಗಳಲ್ಲಿ. ವಿಕಿರಣ ಸ್ವೀಡನ್ನಿನಲ್ಲಿ ಪತ್ತೆಯಾಗಿ ಹೊರದೇಶದ ರೇಡಿಯೋಗಳು ಕೂಗಿ ಹೇಳುತ್ತಿದ್ದಾಗ, ಅಲ್ಲಿಗೆ ನೂರು ಕಿಲೋಮೀಟರಿನಷ್ಟು ದೂರದ ಕೀವ್ ನಗರದಲ್ಲಿ ಮೇ 1ರ ಮೆರವಣಿಗೆ ಎಂದಿನಂತೆ ನಡೆಯಿತು. ಮಕ್ಕಳು ಬೀದಿಯಲ್ಲಿ ಹೆಜ್ಜೆ ಹಾಕಿದರು. ಆಗಿನ್ನೂ ಬಿಬಿಸಿಯ ರಷ್ಯನ್ ಪ್ರಸಾರದ ಮೇಲೆ ಗದ್ದಲ ನಡೆದೇ ಇತ್ತು. ಮಗುವನ್ನು ಮನೆಯೊಳಗೆ ಇರಿಸಿಕೋ, ಕಿಟಕಿ ಮುಚ್ಚು ಎಂಬ ಒಂದು ಮಾತು ಒಬ್ಬ ತಾಯಿಗೆ ಬೇಕಾಗಿದ್ದ ದಿನವೂ ಆ ಯಂತ್ರಗಳು ತಮ್ಮ ಕೆಲಸ ಮಾಡುತ್ತಲೇ ಇದ್ದವು. ಗದ್ದಲಕ್ಕೆ ಒಳ್ಳೆಯ ಮಾತು ಯಾವುದು, ಕೆಟ್ಟ ಮಾತು ಯಾವುದು ಎಂದು ಆರಿಸುವ ಕಣ್ಣಿಲ್ಲ.

ಹಾಗೆಂದು ಜಾಮರ್ ಎಂಬುದೇ ಕೆಟ್ಟದ್ದು ಎಂದು ನಾನು ಹೇಳಲಾರೆ. 2003ರ ಡಿಸೆಂಬರಿನಲ್ಲಿ ರಾವಲ್ಪಿಂಡಿಯಲ್ಲಿ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಅವರ ಕಾರು ಸೇತುವೆ ದಾಟಿದ ಮೇಲೆ ಬಾಂಬು ಸಿಡಿಯಿತು. ಕಾರಿನ ಜೊತೆ ಇದ್ದ ಜಾಮರಿನಿಂದಾಗಿ ಸಿಡಿಯುವುದು ತಡವಾಯಿತೆಂದು ಆಗ ಪತ್ರಿಕೆಗಳಲ್ಲಿ ಓದಿದೆವು. ದೂರದಿಂದ ರೇಡಿಯೋ ಮೂಲಕ ಬಾಂಬು ಸಿಡಿಸುವವರು ಇರುವವರೆಗೆ ಇಂಥ ಯಂತ್ರ ಬೇಕೇ ಬೇಕು.

ಪರೀಕ್ಷೆಯ ಮಾತಿಗೆ ಬಂದರೆ, ನಾನು ಮೇಷ್ಟ್ರ ಪಕ್ಷದವಳು. 2021ರಲ್ಲಿ ನಮ್ಮ ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, 2022ರಲ್ಲಿ ಅದನ್ನು ರದ್ದು ಮಾಡಿದ್ದು ನಿಮಗೆಲ್ಲ ನೆನಪಿರಬೇಕು. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ನಿಗಮ ಮಂಡಳಿಗಳ ಹುದ್ದೆಯ ಪರೀಕ್ಷೆಯಲ್ಲಿ ಕಿವಿಯೊಳಗೆ ಬ್ಲೂಟೂತ್ ಇಟ್ಟುಕೊಂಡು ಉತ್ತರ ಕೇಳಿ ಬರೆಯುತ್ತಿದ್ದವರು ಸಿಕ್ಕಿಬಿದ್ದರು. ಇದರಲ್ಲೊಂದು ವಿಚಿತ್ರವಿದೆ. ಬ್ಲೂಟೂತ್ ಕೆಲಸ ಮಾಡುವುದೂ ತರಂಗದಿಂದ ತರಂಗಕ್ಕೆ ನೆಗೆಯುತ್ತಲೇ, ಸೆಕೆಂಡಿಗೆ 1600 ಸಲದವರೆಗೆ. ಟಾರ್ಪೆಡೋಗಾಗಿ ಹೆಡಿ ಹೂಡಿದ ಉಪಾಯದ ಜಾತಿಯ ವಿದ್ಯೆಯೇ ನಮ್ಮ ಕಳ್ಳ ಹುಡುಗರ ಕಿವಿಯಲ್ಲಿ ಕುಳಿತಿತ್ತು. ಯಾರದೋ ಮನೆಯ ಹುಡುಗಿ, ಹೊಲಿಗೆ ಹಾಕಿ ಫೀಸು ಕಟ್ಟಿದ ತಾಯಿಯ ಮಗಳು, ನಾಲ್ಕು ವರ್ಷ ಗ್ರಂಥಾಲಯದಲ್ಲಿ ಕುಳಿತು ಓದಿ ಪರೀಕ್ಷೆಗೆ ಬಂದರೆ, ಅವಳ ಕೆಲಸವನ್ನು ಇಂಥವನು ಕಿತ್ತುಕೊಳ್ಳುತ್ತಾನೆ. ಅವಳಿಗಾಗಿ ಮೂರು ಗಂಟೆ ಗಟ್ಟಿಮೇಳ ಬಾರಿಸಿದರೆ ನನ್ನ ಅಭ್ಯಂತರವಿಲ್ಲ.

ಇದಕ್ಕೆ ಕಾನೂನೂ ಇದೆ. ನಮ್ಮ ದೇಶದಲ್ಲಿ ಖಾಸಗಿಯವರು ಜಾಮರ್ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಇಡುವಂತಿಲ್ಲ. 2022ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಇದನ್ನು ಮತ್ತೊಮ್ಮೆ ಒತ್ತಿ ಹೇಳಿತು. ಪರೀಕ್ಷೆಗೆ ಇಡುವುದು ಕಡಿಮೆ ಶಕ್ತಿಯ ಜಾಮರ್. ಅದಕ್ಕೂ ಕೇಂದ್ರದ ಅನುಮತಿ ಬೇಕು. ಅದನ್ನು ಒದಗಿಸಲು ಗೊತ್ತುಮಾಡಿದ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು, 1954ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಬಿಇಎಲ್.

ಕಾನೂನು ಕಾಗದದ ಮೇಲಿದೆ, ತರಂಗ ಗಾಳಿಯಲ್ಲಿದೆ. ಕಾಂಪೌಂಡು ಗೋಡೆ ಕಂಡರೆ ನಿಲ್ಲುವ ಮರ್ಯಾದೆ ಅದಕ್ಕಿಲ್ಲ. ಕೆಲವು ವರ್ಷದ ಹಿಂದೆ ಒಂದು ಭಾನುವಾರ ನಮ್ಮ ಶಾಲೆಯಲ್ಲಿ ನೌಕರಿಯ ಪರೀಕ್ಷೆ. ನಾನು ಕೊಠಡಿ ಮೇಲ್ವಿಚಾರಕಿ. ಬೆಳಿಗ್ಗೆಯೇ ಬಂದ ಹುಡುಗರು ಬೀದಿ ಕಡೆಯ ವರಾಂಡದಲ್ಲಿ ಆಂಟೆನಾಗಳ ಪೆಟ್ಟಿಗೆಗಳನ್ನು ಇಟ್ಟು ಚಾಲೂ ಮಾಡಿದರು. ಎದುರು ಮನೆಯ ಅಜ್ಜಿಯ ಮಗಳು ಆ ಹೊತ್ತಿಗೆ ಹದಿನೆಂಟು ಕಿಲೋಮೀಟರ್ ದೂರದ ಊರಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿದ್ದಳು. ರಕ್ತಸ್ರಾವ ಹೆಚ್ಚಾಗಿ ರಕ್ತ ಬೇಕಾಯಿತು. ಅವಳದು ಅಪರೂಪದ ಗುಂಪು. ಅದೇ ಗುಂಪಿನ ತಮ್ಮ ಮನೆಯಲ್ಲೇ ಇದ್ದ. ಅಳಿಯ ಫೋನು ಮಾಡಿದ, ಮಾಡುತ್ತಲೇ ಇದ್ದ. ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್ ಎಂದೇ ಉತ್ತರ. ಕೊನೆಗೆ ಬೈಕು ಹತ್ತಿ ತಾನೇ ಬಂದು ಬಾವಮೈದನನ್ನು ಕೂರಿಸಿಕೊಂಡು ಹೋದ. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು.

ಸಂಜೆ ನಾನು ಗೇಟು ದಾಟುವಾಗ ಅಜ್ಜಿ ಜಗಲಿಯ ಮೇಲೆ ಕುಳಿತಿದ್ದರು. ಬೈಯಲಿಲ್ಲ. 'ಅಲ್ಲ ಟೀಚರಮ್ಮ, ಒಳಗೆ ಯಾರೋ ಕಾಪಿ ಹೊಡೀತಾರೆ ಅಂತ ನಮ್ಮನೆ ಬಾಯಿಗೆ ಯಾಕೆ ಬಟ್ಟೆ ತುರುಕಬೇಕಿತ್ತು? ಒಂದು ಮಾತು ಮೊದಲೇ ಹೇಳಿದ್ದರೆ ನನ್ನ ಮಗನ್ನ ಆಸ್ಪತ್ರೇಲೇ ಬಿಟ್ಟಿರ್ತಿದ್ದೆ' ಎಂದರು.

ನಲವತ್ತು ವರ್ಷದ ಸೋವಿಯತ್ ಗದ್ದಲದ ಮೇಲೆ ಯಾವ ಪಂಡಿತನೂ ಇದಕ್ಕಿಂತ ಸರಿಯಾದ ಮಾತು ಹೇಳಿರಲಾರ ಎಂದು ನನಗೆ ಅನಿಸಿತು. ಮುಂದಿನ ಸಲ ಪರೀಕ್ಷೆ ಬಂದಾಗ ನಾವು ಕೆಲವು ಶಿಕ್ಷಕಿಯರು ಹೆಡ್‌ಮಾಸ್ಟರಿಗೆ ಹೇಳಿದೆವು. ಅವರು ಹಿಂದಿನ ದಿನವೇ ಜವಾನನನ್ನು ಸುತ್ತಲಿನ ಮನೆಗಳಿಗೆ ಕಳಿಸಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಿಮ್ಮ ಫೋನು ಕೆಲಸ ಮಾಡದೇ ಹೋಗಬಹುದು ಎಂದು ಸಾರಿಸಿದರು. ಪೆಟ್ಟಿಗೆ ಇಡುವ ಹುಡುಗರಿಗೆ ಹೇಳಿ ಅವನ್ನು ಬೀದಿಯ ಕಡೆಯಿಂದ ಒಳಗಿನ ಅಂಗಳದ ಕಡೆಗೆ ಸರಿಸಿದೆವು. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಜೈಲುಗಳ ಸುತ್ತ ವಾಸಿಸುವವರ ಪಾಡು ಇಷ್ಟು ಸುಲಭದ್ದಲ್ಲ. ಅಲ್ಲಿ ಮೂರು ಗಂಟೆಯ ಮಾತಿಲ್ಲ, ಹಗಲೂ ರಾತ್ರಿ ಗಟ್ಟಿಮೇಳ. ಬೆಂಗಳೂರಿನ ಪರಪ್ಪನ ಅಗ್ರಹಾರದ ಸುತ್ತಲಿನವರು ಈ ಬಗ್ಗೆ ದೂರಿದ್ದಾರೆ. 2025ರಲ್ಲಿ ಮಂಗಳೂರಿನ ಜೈಲಿನ ಆಸುಪಾಸಿನವರೂ ದನಿ ಎತ್ತಿದರು. ಇನ್ನೊಂದು ತಮಾಷೆಯೆಂದರೆ, ಹಳೆಯ ತರಂಗಗಳಿಗೆಂದು ಮಾಡಿದ ಜಾಮರ್ ಹೊಸ ತರಂಗದ ಫೋನಿಗೆ ತಟ್ಟುವುದಿಲ್ಲ. 2ಜಿ ಹೋಗಿ 4ಜಿ ಬಂದಾಗ ಎಷ್ಟೋ ಜೈಲುಗಳ ಯಂತ್ರಗಳು ಬಾರಿಸುತ್ತಿದ್ದರೂ ಒಳಗಿನವರ ಮಾತು ಸಾಗುತ್ತಲೇ ಇತ್ತು. ಗೋಡೆಯ ಹೊರಗೆ ಹಳೆಯ ಫೋನು ಹಿಡಿದ ಮುದುಕಿಗೆ ಮಾತ್ರ ಮೊಮ್ಮಗನ ಕರೆ ಬರಲಿಲ್ಲ. ಹೆಡಿ ಲಮಾರ್ ಕಂಡುಕೊಂಡದ್ದು ಇದನ್ನೇ. ತರಂಗ ಬದಲಿಸಬಲ್ಲವನು ತಪ್ಪಿಸಿಕೊಳ್ಳುತ್ತಾನೆ, ಬದಲಿಸಲಾರದವನು ಸಿಕ್ಕಿಬೀಳುತ್ತಾನೆ.

ಮದುವೆ ಮನೆಯ ಗಟ್ಟಿಮೇಳದ ಗುಣ ಇರುವುದು ಅದರ ಸದ್ದಿನಲ್ಲಲ್ಲ. ಮೂರು ಗಂಟು ಬೀಳುತ್ತಲೇ ಪುರೋಹಿತರ ಕೈ ಕೆಳಗಿಳಿಯುತ್ತದೆ, ವಾದ್ಯ ತಗ್ಗುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಎಂಬುದು ಅಲ್ಲಿ ಎಲ್ಲರಿಗೂ ಮೊದಲೇ ಗೊತ್ತು, ನಿಲ್ಲಿಸುವವರು ಯಾರೆಂಬುದೂ ಗೊತ್ತು. ಜಾಮರಿನ ಬಗ್ಗೆ ನಾವು ಕೇಳಬೇಕಾದುದೂ ಇಷ್ಟೇ: ಎಷ್ಟು ಹೊತ್ತು, ಎಷ್ಟು ದೂರ, ಸುತ್ತಲಿನವರಿಗೆ ಹೇಳಿದ್ದೀರಾ, ನಿಲ್ಲಿಸುವ ಕೈ ಯಾರದು?

ಇವೆಲ್ಲವನ್ನೂ ಒಂದು ದಿನ ಹತ್ತನೆಯ ತರಗತಿಯಲ್ಲಿ ಹೇಳುತ್ತಿದ್ದೆ. ಪಾಠದಲ್ಲಿ ಶೀತಲ ಸಮರ ಬಂದಿತ್ತು. ಗೋರ್ಬಚೆವ್ ಅವರ ವಿಷಯವನ್ನೂ ಹೇಳಿದೆ. 1991ರ ಆಗಸ್ಟಿನಲ್ಲಿ ಅವರ ವಿರುದ್ಧ ಒಳಸಂಚು ನಡೆದು, ಕ್ರೈಮಿಯಾದ ಫೋರೋಸಿನಲ್ಲಿ ರಜೆಗೆಂದು ಹೋಗಿದ್ದ ಅವರನ್ನು ಆ ಮನೆಯಲ್ಲೇ ಹೆಂಡತಿ ಮಕ್ಕಳ ಸಮೇತ ಕೂಡಿಹಾಕಿದರು. ಫೋನುಗಳನ್ನೆಲ್ಲ ಕತ್ತರಿಸಿದರು. ಅಷ್ಟು ದೊಡ್ಡ ದೇಶದ ಅಧ್ಯಕ್ಷರಿಗೆ ತಮ್ಮ ರಾಜಧಾನಿಯಲ್ಲಿ ಏನಾಗುತ್ತಿದೆ ಎಂದು ತಿಳಿಯುವ ದಾರಿಯಿರಲಿಲ್ಲ. ಆ ಮನೆಯಲ್ಲಿ ಸಿಕ್ಕ ರೇಡಿಯೋದಲ್ಲಿ ಬಿಬಿಸಿ ಹಾಕಿ ಅವರು ಸುದ್ದಿ ಕೇಳಿದರು. ಹೊರಬಂದ ಮೇಲೆ ಅವರೇ ಇದನ್ನು ಹೇಳಿದ್ದಾರೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. 'ಆಗ ಯಾರೂ ಜಾಮ್ ಮಾಡಲಿಲ್ವಾ ಮಿಸ್?'

'ಇಲ್ಲಮ್ಮ. 1987ರಲ್ಲೇ ಬಿಬಿಸಿಯ ಮೇಲಿನ ಗದ್ದಲ ನಿಂತಿತ್ತು' ಎಂದೆ.

'ಯಾರು ನಿಲ್ಲಿಸಿದ್ರು?'

'ಅವರ ಸರ್ಕಾರವೇ' ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಒಳ್ಳೇದಾಯ್ತು ಬಿಡಿ ಮಿಸ್' ಎಂದು ಕುಳಿತಳು.